ಒಂಟಿ ಕಾಲುಚೀಲದ ಹಿಮ್ಮಡಿ

ನನ್ನ ಹೆಣಿಗೆಯ ಬುಟ್ಟಿಯ ತಳದಲ್ಲಿ ಒಂದು ಹಳೆಯ ಕಾಲುಚೀಲವಿದೆ. ಹತ್ತಿಯ ನೂಲಿನದು, ಒಂದು ಕಾಲಕ್ಕೆ ತಿಳಿನೀಲಿಯಾಗಿದ್ದದ್ದು ಒಗೆದೊಗೆದು ಈಗ ಮಾಸಿದ ಮೋಡದ ಬಣ್ಣಕ್ಕೆ ತಿರುಗಿದೆ. ಬೆರಳಿನ ತುದಿಯಲ್ಲಿ ತೂತು, ಅಂಚು ಸಡಿಲ, ಹಿಮ್ಮಡಿಯ ಮೇಲೆ ಹುಣಸೆ ಬೀಜದಷ್ಟು ಅಗಲದ ಒಂದು ಎಣ್ಣೆಯ ಕಲೆ. ಇದಕ್ಕೆ ಜೋಡಿಯಿಲ್ಲ, ಯಾವತ್ತೂ ಇರಲಿಲ್ಲ. ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿನ ಬೆಂಚಿನಲ್ಲಿ ಕೂತು, ಈ ಹಳೆಯದನ್ನು ಮಡಿಲಲ್ಲಿಟ್ಟುಕೊಂಡು, ಅದನ್ನು ನೋಡಿ ನೋಡಿ ಹೊಸದನ್ನು ಹೆಣೆಯುವುದು ನನ್ನ ದಿನಚರಿ. ಹೊಸದಾಗಿ ಬಾಡಿಗೆಗೆ ಬಂದ ಹುಡುಗಿಯರು ಲ್ಯಾಪ್‌ಟಾಪಿನ ಚೀಲ ಇಳಿಸಿ ಪಕ್ಕದಲ್ಲಿ ಕೂತು, ‘ಇದರ ಪೇರ್ ಆಯ್ತಾ ಆಂಟಿ?’ ಎಂದು ಕೇಳುತ್ತಾರೆ. ‘ಇದು ಸಿಂಗಲ್ ಪೀಸ್, ಮೈ ಡಿಯರ್’ ಎನ್ನುತ್ತೇನೆ. ನಕ್ಕು ಸುಮ್ಮನಾಗುತ್ತಾರೆ, ಮುದುಕಿಗೆ ಮರೆವು ಎಂದುಕೊಳ್ಳುತ್ತಾರೇನೋ. ನೀವು ಹಾಗೆಂದುಕೊಳ್ಳಬೇಡಿ. ಸ್ವಲ್ಪ ಹತ್ತಿರ ಸರಿದು ಕೂತರೆ ಈ ಒಂಟಿ ಕಾಲುಚೀಲದ ವೃತ್ತಾಂತವನ್ನು ನಿಮಗೆ ಹೇಳುತ್ತೇನೆ.

ಹೆಣಿಗೆ ನನಗೆ ಕಾನ್ವೆಂಟಿನ ಬಳುವಳಿ. ಹಾವೇರಿ ಕಡೆಯ ಅಪ್ಪ ರೈಲ್ವೆ ನೌಕರಿಗೆಂದು ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದವರು ಮಗಳನ್ನು ಕಾನ್ವೆಂಟಿಗೆ ಸೇರಿಸಿಬಿಟ್ಟರು. ಹೀಗಾಗಿ ನಾನು ಹಣೆಯ ಮೇಲೆ ವಿಭೂತಿ, ನಾಲಿಗೆಯ ಮೇಲೆ ಇಂಗ್ಲಿಷ್ ರೈಮ್ ಇಟ್ಟುಕೊಂಡು ಬೆಳೆದೆ. ನಮಗೆ ಹೆಣಿಗೆ ಕಲಿಸುತ್ತಿದ್ದ ಸಿಸ್ಟರ್ ಕಾಲುಚೀಲದಲ್ಲಿ ಹಿಮ್ಮಡಿಯೇ ಕಠಿಣ ಎನ್ನುತ್ತಿದ್ದರು. ಉಳಿದದ್ದೆಲ್ಲ ನೇರ ದಾರಿ. ಅಲ್ಲಿ ಮಾತ್ರ ನೂಲು ತಿರುಗಬೇಕು, ತಿರುಗಿದ್ದು ಕಾಣಬಾರದು. ಅದೇ ಸಿಸ್ಟರ್ ತಲೆಯ ಮೇಲೆ ಪುಸ್ತಕವಿಟ್ಟು ವರಾಂಡದಲ್ಲಿ ನಡೆಸುತ್ತಿದ್ದರು. ಕಾಲ್ಬೆರಳು ನೇರ ಮುಂದಕ್ಕೇ ಇರಬೇಕು, ಅತ್ತಿತ್ತ ಹೊರಳಿದರೆ ಅದು ಲೇಡಿಯ ನಡಿಗೆಯಲ್ಲ. ಮೂರನೆಯದಾಗಿ, ಹೆಮ್ಮೆ ಮಹಾಪಾಪವೆಂದೂ, ಉಳಿದ ಪಾಪಗಳಿಗೆಲ್ಲ ಅದೇ ಹಿರಿಯಕ್ಕನೆಂದೂ ಅವರೇ ಕಲಿಸಿದರು. ಹೆಣಿಗೆಯ ಪಾಠವೊಂದನ್ನು ಬಿಟ್ಟು ಉಳಿದೆರಡನ್ನೂ ನಾನು ಈ ಇಳಿವಯಸ್ಸಿನಲ್ಲಿ ಗಾಳಿಗೆ ತೂರಿದ್ದೇನೆ. ಕಾರಣ, ನನ್ನ ಮೊಮ್ಮಗಳು ಮಾನ್ವಿ.

ಮಾನ್ವಿ ನನ್ನ ಮಗಳು ಶೈಲಾಳ ಒಬ್ಬಳೇ ಮಗಳು. ಎಲೆಕ್ಟ್ರಾನಿಕ್ ಸಿಟಿಯ ಆಚೆಯ ಈ ಮನೆಯಲ್ಲಿ ಮಗಳು, ಅಳಿಯ ಮಹೇಶ, ಮೊಮ್ಮಗಳ ಜೊತೆಗೆ ನಾನೂ ನನ್ನ ನಾದಿನಿ ಗೌರಕ್ಕನೂ ಇದ್ದೇವೆ. ಗೌರಕ್ಕ ನನ್ನ ದಿವಂಗತ ಯಜಮಾನರ ತಂಗಿ, ಅತ್ತಿಗೆಯಾದ ನನ್ನನ್ನು ವೈನಿ ಎನ್ನುವವಳು. ರಾಣೆಬೆನ್ನೂರಿನ ಮಾತು, ರಾಣೆಬೆನ್ನೂರಿನ ಖಾರ ಎರಡನ್ನೂ ಒಂದಿಷ್ಟೂ ತಗ್ಗಿಸದೆ ಇಲ್ಲಿಗೆ ತಂದವಳು. ನಾನು ಮೊಮ್ಮಗಳಿಗೆ ಸ್ಪೆಲಿಂಗ್ ಕಲಿಸಿದರೆ ಅವಳು ದೆವ್ವದ ಕಥೆ ಹೇಳುತ್ತಿದ್ದಳು. ಹುಡುಗಿಗೆ ಯಾವುದು ಹೆಚ್ಚು ಹಿಡಿಸಿತೆಂದು ನಾನು ಹೇಳಬೇಕಾಗಿಲ್ಲ. ಹುಣಸೆ ಮರದ ಕೆಳಗೆ ನಿಂತ ಹೆಂಗಸು ಎಷ್ಟು ಚೆಲುವೆಯಾದರೂ ಮೊದಲು ಅವಳ ಕಾಲು ನೋಡಬೇಕು, ಪಾದ ಹಿಂದುಮುಂದಾಗಿದ್ದರೆ ಓಡಬೇಕು ಎಂಬುದು ಆ ಕಥೆಗಳ ನೀತಿ. ಮಾನ್ವಿ ಕೆಲವು ದಿನ ಲಿಫ್ಟಿನಲ್ಲಿ ಎಲ್ಲರ ಪಾದವನ್ನೂ ಪರೀಕ್ಷಿಸುತ್ತಿದ್ದಳು.

ನಮ್ಮಲ್ಲಿ ಯುಗಾದಿಯ ಬೆಳಿಗ್ಗೆ ಎಣ್ಣೆಶಾಸ್ತ್ರ. ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ಹಿರಿಯ ಹೆಂಗಸು ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಪಾದಕ್ಕೆ, ಮಂಡಿಗೆ, ಭುಜಕ್ಕೆ, ಕೊನೆಗೆ ನೆತ್ತಿಗೆ ಮುಟ್ಟಿಸುತ್ತಾಳೆ; ಆಮೇಲೆ ಮೈತುಂಬ ಎಣ್ಣೆ, ಬಿಸಿನೀರು. ನಮ್ಮ ಮನೆಯಲ್ಲಿ ಆ ಅಧಿಕಾರ ಗೌರಕ್ಕನದು. ಕೆಲವು ವರ್ಷದ ಹಿಂದಿನ ಯುಗಾದಿಯಲ್ಲಿ ಅವಳ ಗರಿಕೆ ಬಲ ಮಂಡಿಯನ್ನು ಮುಟ್ಟಿದ್ದೇ ತಡ, ಹುಡುಗಿ ಉಸಿರೆಳೆದುಕೊಂಡು ಕಾಲು ಹಿಂದೆ ಸರಿಸಿದಳು. ಗರಿಕೆಗೆ ನೋಯುವ ಮಂಡಿ ಎಂದರೆ ಏನು? ನೋಡಿದರೆ ಮಂಡಿಯ ಮೇಲೆ ಒಂದು ಬದಿ ಸಣ್ಣಗೆ ಉಬ್ಬಿತ್ತು, ಬೆಚ್ಚಗಿತ್ತು. ಓಡುವ ಹುಡುಗಿ, ಬಿದ್ದಿರಬೇಕು ಎಂದೆವು. ಬೆಳೆಯುವ ಎಲುಬಿನ ನೋವು ಎಂದೆವು. ಗೌರಕ್ಕ ಊರ ಕಡೆಯ ನಾಟಿ ವೈದ್ಯರಿಗೆ ತೋರಿಸಿ ಚೆನ್ನಾಗಿ ಉಜ್ಜಿಸಿ ಪಟ್ಟು ಕಟ್ಟಿಸೋಣವೆಂದು ಚೀಲ ಕಟ್ಟಲಿಕ್ಕೇ ಶುರುಮಾಡಿದಳು. ತಡೆದವನು ಮಹೇಶ. ಅವನು ಜಿಗಣಿಯ ಒಂದು ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ಅಚ್ಚು ಮಾಡಿಸುವ ಎಂಜಿನಿಯರ್. ಒಳಗೇನಿದೆಯೆಂದು ನೋಡದೆ ಯಾವುದಕ್ಕೂ ಕೈ ಹಾಕಬಾರದು ಎಂಬುದು ಅವನಿಗೆ ಕಸುಬಿನಿಂದ ಬಂದ ಧರ್ಮ. ಮೊದಲು ಎಕ್ಸ್-ರೇ, ಆಮೇಲೆ ಪಟ್ಟು ಎಂದ. ಆ ಹಟಕ್ಕಾಗಿ ನಾನು ಅವನನ್ನು ಈಗಲೂ ಮನಸ್ಸಿನಲ್ಲೇ ಹರಸುತ್ತೇನೆ. ಅಂಥ ಕಡೆ ಉಜ್ಜುವುದೆಂದರೆ ಒಲೆಯ ಕೆಂಡವನ್ನು ಕೈಯಾರೆ ಮನೆ ತುಂಬ ಹರಡಿದಂತೆ ಎಂದು ವೈದ್ಯರು ಆಮೇಲೆ ಹೇಳಿದರು.

ಏಕೆಂದರೆ ಅದು ಕ್ಯಾನ್ಸರ್ ಆಗಿತ್ತು. ಬೇರೆಲ್ಲೋ ಹುಟ್ಟಿ ಎಲುಬಿಗೆ ಬಂದದ್ದಲ್ಲ, ಎಲುಬಿನಲ್ಲೇ ಹುಟ್ಟಿದ್ದು; ತೊಡೆಯ ಎಲುಬು ಮಂಡಿಯನ್ನು ಸೇರುವ ಜಾಗದಲ್ಲಿ, ಮಕ್ಕಳು ಎತ್ತರವಾಗುವುದಕ್ಕೆ ದೇಹ ಅತ್ಯಂತ ಉತ್ಸಾಹದಿಂದ ದುಡಿಯುವ ಜಾಗದಲ್ಲೇ.

ಆಗ ನನಗೆ ನೆನಪಾದವಳು ಸ್ಟೆಲ್ಲಾ. ಕಾನ್ವೆಂಟಿನಲ್ಲಿ ನನ್ನ ಪಕ್ಕದ ಡೆಸ್ಕು. ಒಂದು ವರ್ಷ ಕುಂಟುತ್ತ ಬಂದಳು, ಆಮೇಲೆ ಊರುಗೋಲಿನ ಮೇಲೆ ಬಂದಳು, ಸ್ಕರ್ಟಿನ ಒಂದು ಬದಿ ಖಾಲಿ ತೂಗುತ್ತಿತ್ತು. ಮುಂದಿನ ರಜೆಯ ನಂತರ ಬರಲೇ ಇಲ್ಲ. ಕಾಯಿಲೆಯ ಹೆಸರನ್ನು ಯಾರೂ ಹೇಳಲಿಲ್ಲ, ಪ್ರೇಯರ್‌ನಲ್ಲಿ ಅವಳ ಹೆಸರನ್ನು ಮಾತ್ರ ಹೇಳಿದರು. ಆ ಕಾಲದಲ್ಲಿ ಕಾಲನ್ನು ತೆಗೆಯುತ್ತಿದ್ದರು, ಆದರೂ ಜೀವ ಉಳಿಯುವುದು ಅಪರೂಪವಾಗಿತ್ತು. ಕಣ್ಣಿಗೆ ಕಾಣದ ಬೀಜಗಳು ಅಷ್ಟರಲ್ಲೇ ಎದೆಯ ಗೂಡಿಗೆ ಹಾರಿಹೋಗಿರುತ್ತಿದ್ದವು. ಅವುಗಳನ್ನು ಬೆನ್ನಟ್ಟುವ ಮದ್ದು ಇನ್ನೂ ಬಂದಿರಲಿಲ್ಲ. ಮಾನ್ವಿಯ ವರದಿ ಹಿಡಿದು ಶೈಲಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಖಾಲಿ ಸ್ಕರ್ಟು.

ಆದರೆ ಕಾಲ ಬದಲಾಗಿತ್ತು; ನಾನು ಅದನ್ನು ಪಾಠದಂತೆ ಹೊಸದಾಗಿ ಕಲಿತೆ. ಪರೀಕ್ಷೆಗೆಂದು ಗೆಡ್ಡೆಯ ಚೂರು ತೆಗೆಯಲು ಸೂಜಿ ಚುಚ್ಚುವುದನ್ನೂ ಮುಂದೆ ಆಪರೇಷನ್ ಮಾಡುವ ಡಾಕ್ಟರೇ ಯೋಚಿಸಿ ಮಾಡಬೇಕಂತೆ, ಯಾಕೆಂದರೆ ಸೂಜಿ ಹಾದುಹೋದ ದಾರಿಯನ್ನೂ ಕೊನೆಗೆ ಗೆಡ್ಡೆಯ ಜೊತೆಗೇ ತೆಗೆದುಹಾಕಬೇಕು. ಜೀವನವೆಲ್ಲ ಸೂಜಿ ಹಿಡಿದ ನನಗೆ ಈ ಶಿಸ್ತು ಬಹಳ ಹಿಡಿಸಿತು. ಮೊದಲು ಕೆಲವು ತಿಂಗಳು ಕೀಮೋ, ಆಮೇಲೆ ಶಸ್ತ್ರಚಿಕಿತ್ಸೆ, ಮತ್ತೆ ಕೀಮೋ. ಎಲುಬಿನ ಕ್ಯಾನ್ಸರಿನಲ್ಲೂ ಬೇರೆ ಬೇರೆ ಜಾತಿಗಳಿವೆ, ಕೆಲವಕ್ಕೆ ರೇಡಿಯೇಷನ್ ಚೆನ್ನಾಗಿ ನಾಟುತ್ತದೆ. ಇವಳದ್ದು ಅದಕ್ಕೆ ಅಷ್ಟು ಸೊಪ್ಪು ಹಾಕುವ ಜಾತಿಯಲ್ಲ. ಹೊಸೂರು ರಸ್ತೆಯ ಮೇಲ್ಸೇತುವೆ ಹತ್ತಿ ಆಸ್ಪತ್ರೆಗೆ ಹೋಗುವಾಗ ಹುಡುಗಿ ಕಿಟಕಿಗೆ ತಲೆಯಾನಿಸಿ ಕೆಳಗಿನ ತಾರಸಿಗಳ ಮೇಲೆ ಒಣಗುವ ಬಟ್ಟೆ ನೋಡುತ್ತಿದ್ದಳು. ಬರುವಾಗ ಏನನ್ನೂ ನೋಡುತ್ತಿರಲಿಲ್ಲ. ಕೂದಲು ಹೋಯಿತು, ಬಾಯಿ ಹುಣ್ಣಾಯಿತು, ಗಂಜಿಯೂ ಉರಿಯಿತು. ಒಂದು ಯುಗಾದಿ ಆಸ್ಪತ್ರೆಯ ಮಂಚದಲ್ಲೇ ಕಳೆಯಿತು, ಎಣ್ಣೆಯೂ ಇಲ್ಲ, ಗರಿಕೆಯೂ ಇಲ್ಲ.

ಆ ಯುಗಾದಿಗೆ ಮೊದಲೇ ಬಂದದ್ದು ಶಸ್ತ್ರಚಿಕಿತ್ಸೆಯ ಪ್ರಶ್ನೆ. ಗೆಡ್ಡೆಯಿದ್ದ ಮಂಡಿಯನ್ನು ಸುತ್ತಲಿನ ಒಳ್ಳೆಯ ಅಂಚಿನ ಸಮೇತ ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ತೆಗೆದ ಜಾಗಕ್ಕೆ ಏನು? ನಮ್ಮ ಸರ್ಜನ್ ಮೇಡಂ ಮೆತ್ತಗಿನ ದನಿಯ, ಗಟ್ಟಿ ಕಣ್ಣಿನ ಹೆಂಗಸು. ದಾರಿಗಳನ್ನು ಒಂದೊಂದಾಗಿ ಬಿಡಿಸಿಟ್ಟರು. ಲೋಹದ ಎಲುಬು, ಲೋಹದ ಕೀಲು ಕೂಡಿಸಬಹುದು. ಹೊರಗಿನಿಂದ ನೋಡಿದರೆ ಕಾಲು ಕಾಲಿನಂತೆಯೇ ಇರುತ್ತದೆ. ಮಹೇಶನ ಮುಖ ಅರಳಿತು. ಅವನಿಗೆ ಲೋಹವೆಂದರೆ ಬಂಧು. ಅದೇ ರಾತ್ರಿಯಿಂದ ಯಾವ ಮಿಶ್ರಲೋಹ, ಎಷ್ಟು ಸವೆತ ಎಂದು ಓದತೊಡಗಿದ. ಆದರೆ ಇವಳು ಬೆಳೆಯುವ ಹುಡುಗಿ, ಲೋಹ ಬೆಳೆಯುವುದಿಲ್ಲ. ಉದ್ದ ಮಾಡಲು ಬರುವ ಲೋಹವೂ ಇದೆ, ಆದರೆ ಆಗಾಗ ಮತ್ತೆ ಮತ್ತೆ ಕೈ ಹಾಕಬೇಕಾಗಬಹುದು. ಓಟ, ಜಿಗಿತ ಬಿಟ್ಟು ಜೋಪಾನವಾಗಿ ಬಾಳಬೇಕು. ಇನ್ನೊಂದು ದಾರಿ ಕಾಲನ್ನು ತೊಡೆಯಿಂದ ತೆಗೆಯುವುದು. ಮೂರನೆಯದನ್ನು ಹೇಳುವ ಮೊದಲು ಮೇಡಂ ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿದರು.

ಮಂಡಿಯನ್ನಷ್ಟೇ ತೆಗೆದು, ಕೆಳಗುಳಿದ ಕಾಲನ್ನು ಅದರ ನರ ಕಡಿಯದೆ ಕಾಪಾಡಿ, ಅರ್ಧ ಸುತ್ತು ತಿರುಗಿಸಿ, ಮೇಲಕ್ಕೆ ತಂದು ತೊಡೆಯ ಎಲುಬಿಗೆ ಕೂಡಿಸುವುದು. ಆಗ ಪಾದದ ಕೀಲು ಮಂಡಿಯಿದ್ದ ಎತ್ತರಕ್ಕೆ ಬರುತ್ತದೆ. ಹಿಮ್ಮಡಿ ಮುಂದಕ್ಕೆ, ಬೆರಳು ಹಿಂದಕ್ಕೆ. ಪಾದವನ್ನು ಕೃತಕ ಕಾಲಿನೊಳಗೆ ಇಳಿಸಿದರೆ, ಪಾದ ಮಡಿಚಿದಾಗ ಆ ಕಾಲು ಮಂಡಿಯಲ್ಲಿ ಮಡಿಚಿದಂತೆ ಮಡಿಚುತ್ತದೆ. ಸ್ವಂತ ಎಲುಬು, ಸ್ವಂತ ಸ್ನಾಯು, ಬೆಳೆಯುವ ಜೀವಂತ ಕೀಲು. ನಾನು ನನ್ನದೇ ಪಾದವನ್ನು ಮೇಜಿನ ಕೆಳಗೆ ಮಡಿಚಿ ಬಿಡಿಸಿ ನೋಡಿಕೊಂಡೆ. ಮನುಷ್ಯ ಬುದ್ಧಿ ಇಷ್ಟು ದೂರ ನಡೆದಿದೆಯೇ ಎನಿಸಿ ಮೈ ಜುಮ್ಮೆಂದಿತು. ಶೈಲಾ ಮಾತ್ರ ಎದ್ದು ಹೊರಗೆ ಹೋದಳು.

ಮನೆಯಲ್ಲಿ ಗೌರಕ್ಕನಿಗೆ ಹೇಳಿದಾಗ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು. ‘ಹಿಂದಮುಂದ ಪಾದ ಯಾರಿಗಿರ್ತಾವು ಅನ್ನೂದು ನಿಮಗ ಗೊತ್ತಿಲ್ಲೇನ್ರಿ ವೈನಿ? ಕಾಲ ತಗೀತೀವಿ ಅಂದ್ರ ತಗೀಲಿ, ದೇವರ ಇಚ್ಛಾ ಅಂತೀನಿ. ತಿರುವಿ ಹಚ್ಚೂದು ಬ್ಯಾಡ. ನಾಳೆ ಈ ಹುಡುಗಿ ಹೊಸ್ತಿಲಾ ದಾಟಿದ್ರ ಮಂದಿ ಏನಂದಾರು?’ ಎಂದಳು. ನೀವು ಅವಳನ್ನು ದಡ್ಡಿ ಎನ್ನಬೇಡಿ. ಡಿಗ್ರಿ ಪಡೆದ ಶೈಲಾ ಕೂಡ, ತೆಗೆದ ಕಾಲನ್ನು ಕಲ್ಪಿಸಿಕೊಳ್ಳಬಲ್ಲೆ ಅಮ್ಮ, ತಿರುಗಿದ ಪಾದವನ್ನು ಕಲ್ಪಿಸಿಕೊಳ್ಳಲಾರೆ ಎಂದು ನನ್ನ ಹೆಗಲ ಮೇಲೆ ಅತ್ತಳು. ಇಲ್ಲದ್ದನ್ನು ಸಹಿಸುವುದು ನಮಗೆ ಗೊತ್ತು. ಇದ್ದೂ ಬೇರೆ ದಿಕ್ಕಿಗೆ ನೋಡುವುದನ್ನು ಸಹಿಸುವುದನ್ನು ಯಾರೂ ಕಲಿಸಿಕೊಟ್ಟಿಲ್ಲ. ನನ್ನ ತಲೆಯೊಳಗೂ ಆ ಸಿಸ್ಟರ್ ವರಾಂಡದಲ್ಲಿ ನಿಂತು ಕಾಲ್ಬೆರಳು ಮುಂದಕ್ಕೆ ಎನ್ನುತ್ತಲೇ ಇದ್ದರು.

ತೀರ್ಮಾನದ ದಿನ ಮೇಡಂ ನಮ್ಮನ್ನು ಬಿಟ್ಟು ಹುಡುಗಿಯ ಕಡೆ ತಿರುಗಿದರು. ಅದೇ ಆಪರೇಷನ್ ಆದ ಒಬ್ಬ ಹುಡುಗ ಸೈಕಲ್ ಹೊಡೆಯುವ ವೀಡಿಯೊ ತೋರಿಸಿದರು. ಕೃತಕ ಕಾಲು ಬಿಚ್ಚಿದ ಮೇಲೆ ಕಾಣುವ ಪಾದವನ್ನೂ ಮುಚ್ಚಿಡದೆ ತೋರಿಸಿದರು. ಮಾನ್ವಿ ಬೋಳುತಲೆಯ ಮೇಲಿನ ಟೋಪಿ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಅಪ್ಪನನ್ನು ಕೇಳಿದಳು:

‘ಅಪ್ಪ, ನಿಮ್ಮ ಮೆಟಲ್ ಕಾಲು ಹಾಕಿಸ್ಕೊಂಡ್ರೆ ನಾನು ಓಡಬಹುದಾ?’

‘ಹುಷಾರಾಗಿ ನಡೀಬಹುದು ಪುಟ್ಟ.’

‘ಹುಷಾರಾಗಿ ಅಂದ್ರೆ ಅಜ್ಜಿ ಥರಾನಾ?’

ನಾನು ನಗಬಾರದ ಜಾಗದಲ್ಲಿ ನಕ್ಕುಬಿಟ್ಟೆ. ಹುಡುಗಿ ವೀಡಿಯೊದ ಹುಡುಗನ ಕಡೆ ಬೆರಳು ತೋರಿಸಿ, ಇದು ಬೇಕು ಎಂದಳು. ಅಂಗಡಿಯಲ್ಲಿ ಶೂ ಆರಿಸಿದಷ್ಟೇ ಸರಳವಾಗಿ. ಆ ಸರಳತೆಯ ಹಿಂದೆ ಎಷ್ಟು ದಿನದ ಯೋಚನೆ ಇತ್ತೆಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಗೌರಕ್ಕ ಮುಖ ತಿರುಗಿಸಿ ಕೂತಿದ್ದಳು. ಮಾನ್ವಿ ಅವಳ ಪಕ್ಕ ಹೋಗಿ ಕೂತು, ‘ಗೌರಜ್ಜಿ, ದೆವ್ವಕ್ಕೆ ಎರಡೂ ಪಾದ ಹಿಂದೆ ಇರುತ್ತೆ ಅಂತ ನೀನೇ ಹೇಳಿದ್ದೆ. ನಂದು ಒಂದೇ. ಹಾಗಾದ್ರೆ ನಾನು ಅರ್ಧ ದೆವ್ವ. ಅರ್ಧ ದೆವ್ವಕ್ಕೆ ಹೋಂವರ್ಕ್ ಇರುತ್ತಾ?’ ಎಂದಳು. ಗೌರಕ್ಕ ಎದ್ದು ದೇವರ ಮನೆಗೆ ಹೋದಳು.

ಶಸ್ತ್ರಚಿಕಿತ್ಸೆ ಬೆಳಿಗ್ಗೆ ಶುರುವಾಗಿ ಸಂಜೆಗೆ ಮುಗಿಯಿತು. ಆ ದಿನವೆಲ್ಲ ನಾನು ಕಾಯುವ ಕುರ್ಚಿಯಲ್ಲಿ ಕೂತು ತಿಳಿನೀಲಿ ನೂಲಿನಲ್ಲಿ ಒಂದು ಕಾಲುಚೀಲ ಹೆಣೆದೆ, ಬಿಚ್ಚಿದೆ, ಮತ್ತೆ ಹೆಣೆದೆ. ಹಿಮ್ಮಡಿಯ ತಿರುವಿಗೆ ಬಂದಾಗ ಕೈ ನಿಂತಿತು. ಒಳಗೆ ಇನ್ನೊಬ್ಬ ಹೆಂಗಸು ಇದೇ ಹೊತ್ತಿಗೆ ಇದೇ ಹಿಮ್ಮಡಿಯನ್ನು ತಿರುಗಿಸುತ್ತಿದ್ದಾಳೆ ಎನಿಸಿ ಸೂಜಿಗಳನ್ನು ಮಡಿಲಲ್ಲಿಟ್ಟು ಕಣ್ಣು ಮುಚ್ಚಿದೆ. ಸಂಜೆ ಮೇಡಂ ಹೊರಗೆ ಬಂದು, ರಕ್ತ ಓಡುತ್ತಿದೆ, ಬೆರಳು ಬೆಚ್ಚಗಿವೆ ಎಂದರು. ಅದಕ್ಕಿಂತ ಒಳ್ಳೆಯ ವಾಕ್ಯವನ್ನು ನಾನು ಯಾವ ಭಾಷೆಯಲ್ಲೂ ಕೇಳಿಲ್ಲ. ಮುಂದೆ ಬಂದ ವರದಿಯಲ್ಲಿ ತೆಗೆದ ಗೆಡ್ಡೆಯೊಳಗೆ ಹೆಚ್ಚುಕಡಿಮೆ ಎಲ್ಲವೂ ಸತ್ತಿದೆ, ಮೊದಲ ಕೀಮೋ ತನ್ನ ಕೆಲಸ ಮಾಡಿದೆ ಎಂದಿತ್ತು. ಸಾವಿನ ಸುದ್ದಿಗೆ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದು ಅದೊಂದೇ ಸಲ.

ಆಮೇಲಿನದು ನಿಧಾನದ ಕಥೆ. ಉಳಿದ ಕೀಮೋ, ಎಲುಬು ಕೂಡಿಕೊಳ್ಳುವ ಕಾಯುವಿಕೆ, ಪಾದಕ್ಕೆ ಮಂಡಿಯ ಕೆಲಸ ಕಲಿಸುವ ವ್ಯಾಯಾಮ. ಪಾದ ಹಟಮಾರಿ ವಿದ್ಯಾರ್ಥಿ. ಮುಂದೆ ಎಂದರೆ ಹಿಂದೆ ಹೋಗುತ್ತಿತ್ತು. ಹುಡುಗಿ ಹಲ್ಲು ಕಚ್ಚಿ ಅದಕ್ಕೆ ಬೈದು ಬುದ್ಧಿ ಹೇಳುತ್ತಿದ್ದಳು. ಕೃತಕ ಕಾಲು ಬಂದಾಗ ಮಹೇಶ ಅದರ ಬದಿಯ ಕೀಲುಗಳನ್ನು ಕಿವಿಯ ಹತ್ತಿರ ಹಿಡಿದು ಆಡಿಸಿ, ಕಿರುಗುಡುತ್ತದೆ ಎಂದು ಮಾಡಿದವರ ಬಳಿಗೆ ತಾನೇ ಹೊತ್ತುಕೊಂಡು ಹೋದ. ಅವನ ಲೋಹಕ್ಕೂ ಕೊನೆಗೆ ಒಂದು ಜಾಗ ಸಿಕ್ಕಿತು: ಬೆಳೆಯಬೇಕಾದದ್ದು ಒಳಗೆ, ಬದಲಾಯಿಸಬಹುದಾದದ್ದು ಹೊರಗೆ. ಇದಕ್ಕಿಂತ ಒಳ್ಳೆಯ ಕೆಲಸ ಹಂಚಿಕೆ ಯಾವ ಕಾರ್ಖಾನೆಯಲ್ಲೂ ಇರಲಾರದು ಎಂದು ಅವನೇ ಹೇಳುತ್ತಾನೆ. ಆ ಕೃತಕ ಕಾಲಿನೊಳಗೆ ಪಾದಕ್ಕೆ ಉಜ್ಜದಂತೆ ಮೆತ್ತನೆಯ ಕಾಲುಚೀಲ ಬೇಕು. ಅಲ್ಲಿ ನನ್ನ ತಿಳಿನೀಲಿಗೆ ಕೆಲಸ ಸಿಕ್ಕಿತು.

ಇಷ್ಟೆಲ್ಲ ಆಗುವಾಗ ಗೌರಕ್ಕ ಗಂಜಿ ಕಾಸಿದಳು, ಬೆನ್ನು ನೀವಿದಳು, ವಾಂತಿ ಬಳಿದಳು. ಆ ಪಾದವನ್ನು ಮಾತ್ರ ನೋಡಲಿಲ್ಲ. ಶೈಲಾ ಡ್ರೆಸಿಂಗ್ ಬಿಚ್ಚಿದರೆ ಅವಳಿಗೆ ಒಲೆಯ ಮೇಲೆ ಏನೋ ನೆನಪಾಗುತ್ತಿತ್ತು. ಹುಡುಗಿಗೆ ಅದು ತಿಳಿದಿತ್ತು. ಗೌರಜ್ಜಿ ಬರುವ ಸದ್ದಾದರೆ ಹೊದಿಕೆ ಎಳೆದುಕೊಳ್ಳುತ್ತಿದ್ದಳು. ಲಿಫ್ಟಿನಲ್ಲಿ ಅಪರಿಚಿತರು ದಿಟ್ಟಿಸಿದರೆ ತಿರುಗಿ ದಿಟ್ಟಿಸುವ ಹುಡುಗಿ, ತನ್ನ ಮನೆಯೊಳಗೆ ಒಬ್ಬಳಿಗಾಗಿ ಮರೆಮಾಡಿಕೊಳ್ಳುತ್ತಿದ್ದಳು. ಗೆದ್ದ ಕಾಲಿಗೆ ಮನೆಯಲ್ಲೇ ಮುಸುಕು ಹಾಕಬೇಕೇ? ಆದರೆ ಒತ್ತಾಯಕ್ಕೆ ನೋಡುವ ನೋಟ ನೋಟವಲ್ಲ. ನಾವು ಯಾರೂ ಗೌರಕ್ಕನಿಗೆ ಏನೂ ಹೇಳಲಿಲ್ಲ.

ಮತ್ತೆ ಯುಗಾದಿ ಬಂತು. ಸ್ಕ್ಯಾನ್‌ನಲ್ಲಿ ಎದೆ ಶುಭ್ರವಾಗಿತ್ತು, ತಲೆಯ ಮೇಲೆ ಗುಂಗುರು ಕೂದಲು ಮೊಳೆತಿತ್ತು. ಶೈಲಾ ಮಣೆ ಹಾಕಿ ರಂಗೋಲಿ ಎಳೆದಳು. ಮಾನ್ವಿ ಕೃತಕ ಕಾಲು ಬಿಚ್ಚಿ ಗೋಡೆಗೆ ಒರಗಿಸಿ, ಕಾಲುಚೀಲವನ್ನು ಹಾಗೇ ಉಳಿಸಿಕೊಂಡು ಮಣೆಯ ಮೇಲೆ ಕೂತಳು. ಗೌರಕ್ಕ ಎಣ್ಣೆಯ ಬಟ್ಟಲು ಹಿಡಿದು ಎದುರಿಗೆ ಕೂತಳು. ಎಡ ಪಾದಕ್ಕೆ ಗರಿಕೆ ಮುಟ್ಟಿತು, ಎಡ ಮಂಡಿಗೆ ಮುಟ್ಟಿತು. ಬಲಗಡೆಗೆ ಬಂದಾಗ ಕೈ ಗಾಳಿಯಲ್ಲಿ ನಿಂತಿತು. ಕ್ರಮದಂತೆ ಮೊದಲು ಪಾದ, ಆಮೇಲೆ ಮಂಡಿ. ಅವಳು ಪಾದವನ್ನು ದಾಟಿಸಿ, ಮಂಡಿ ಇರಬೇಕಾದ ಕಡೆ, ಮುಂದಕ್ಕೆ ಉಬ್ಬಿದ ನೀಲಿ ನೂಲಿನ ಮೇಲೆ ಗರಿಕೆ ಮುಟ್ಟಿಸಿದಳು. ಎಣ್ಣೆ ನೂಲಿಗೆ ಇಳಿದು ಹರಡಿತು.

‘ಗೌರಜ್ಜಿ, ಪಾದ ಬಿಟ್ಟೆ,’ ಎಂದಳು ಮಾನ್ವಿ, ಬಹಳ ಮೆಲ್ಲಗೆ. ‘ನಂದು ಎರಡೂ ಒಂದೇ ಕಡೆ ಇದೆ.’

ಗೌರಕ್ಕ ಬಟ್ಟಲನ್ನು ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಎರಡೂ ಕೈಯಿಂದ, ಎಳೆಗೂಸಿನ ಕುಲಾವಿ ತೆಗೆಯುವಂತೆ, ಆ ಕಾಲುಚೀಲವನ್ನು ತಾನೇ ಎಳೆದು ತೆಗೆದಳು. ಹಿಂದಕ್ಕೆ ತಿರುಗಿದ ಐದು ಬೆರಳು; ಉಗುರಿಗೆಲ್ಲ ಹುಡುಗಿ ಕಡುಗೆಂಪು ನೇಲ್ ಪಾಲಿಶ್ ಬಳಿದುಕೊಂಡಿದ್ದಳು. ಅದನ್ನು ನಾವೂ ನೋಡಿರಲಿಲ್ಲ. ಗೌರಕ್ಕ ಗರಿಕೆಯನ್ನು ಬಿಟ್ಟು ಬೆರಳನ್ನೇ ಎಣ್ಣೆಯಲ್ಲಿ ಅದ್ದಿ, ಪಾದದ ಹಿಂಬದಿಗೆ ಬಾಗಿ, ಹೆಬ್ಬೆರಳಿನಿಂದ ಹಿಮ್ಮಡಿಯವರೆಗೆ ನಿಧಾನವಾಗಿ ಹಚ್ಚಿದಳು. ಬೆರಳುಗಳು ಕಚಗುಳಿಯಿಟ್ಟಂತೆ ಮುದುಡಿದವು.

‘ಕಾಲುಂಗುರಕ್ಕ ಬೆರಳದಾವು ನೋಡ್ರಿ ವೈನಿ,’ ಎಂದಳು, ಮುಖವೆತ್ತದೆ. ಆಮೇಲೆ ಹುಡುಗಿಗೆ, ‘ಬಣ್ಣಾ ಯಾರ ಹಚ್ಚಿದ್ರು? ಅಂಚಿಗೆಲ್ಲಾ ಮೆತ್ತಿ. ನಾ ನೆಟ್ಟಗ ಹಚ್ಚಿ ಕೊಡತೀನಿ ತಾ.’

ಶೈಲಾ ಬಚ್ಚಲಿನಲ್ಲಿ ನೀರು ನೋಡುವ ನೆಪಮಾಡಿ ಒಳಗೆ ಹೋದಳು. ಮಾನ್ವಿ ಮಾತ್ರ ರಾಣಿಯಂತೆ ಕೂತು, ನೆತ್ತಿಗೆ ಎಣ್ಣೆ ಬೀಳಲು ತಲೆ ಬಗ್ಗಿಸಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಹೊದಿಕೆ ಹೊದಿಕೆಯ ಕೆಲಸವನ್ನಷ್ಟೇ ಮಾಡುತ್ತಿದೆ.

ತಪಾಸಣೆಗಳು ಮುಗಿದಿಲ್ಲ, ಇನ್ನೂ ಕೆಲವು ವರ್ಷ ಮುಗಿಯುವುದೂ ಇಲ್ಲ. ಪ್ರತಿ ಸ್ಕ್ಯಾನಿನ ಹಿಂದಿನ ವಾರ ನಮ್ಮ ಮನೆಯಲ್ಲಿ ಎಲ್ಲರೂ ಸ್ವಲ್ಪ ಜೋರಾಗಿ ಮಾತಾಡುತ್ತೇವೆ. ಅದು ನನಗೆ ಗೊತ್ತು, ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೂ ಈ ಸಂಜೆ, ಬೆಂಚಿನ ಎದುರಿನ ದಾರಿಯಲ್ಲಿ ಸೈಕಲ್ಲಿನ ಮೇಲೆ ಸುತ್ತು ಹಾಕುತ್ತಿರುವ ಹುಡುಗಿಯನ್ನು ನೋಡುತ್ತ ನಾನು ಸಿಸ್ಟರ್ ಹೇಳಿದ ಆ ಮಹಾಪಾಪವನ್ನು ಮನಸಾರೆ ಮಾಡುತ್ತಿದ್ದೇನೆ. ಅವರು ಇಲ್ಲಿದ್ದರೆ ತೋರಿಸುತ್ತಿದ್ದೆ: ಬೆರಳು ಯಾವ ದಿಕ್ಕಿಗಾದರೂ ಇರಲಿ ಸಿಸ್ಟರ್, ಹುಡುಗಿ ಹೋಗುತ್ತಿರುವುದು ಮುಂದಕ್ಕೇ.

ಎಣ್ಣೆಯ ಕಲೆ ಎಷ್ಟು ಒಗೆದರೂ ಹೋಗಲಿಲ್ಲ. ಹೋಗುವುದು ಬೇಡವೆಂದು ನಾನೂ ಬಿಟ್ಟೆ. ಅಳತೆಗೆಂದು ಇಟ್ಟುಕೊಂಡ ಆ ಹಳೆಯ ಕಾಲುಚೀಲವನ್ನು ಈಗ ಹೊಸದರ ಪಕ್ಕದಲ್ಲಿಟ್ಟು ನೋಡುತ್ತೇನೆ. ಹಿಮ್ಮಡಿಗೆ ಹಿಮ್ಮಡಿ ಸರಿಯಾಗಿ ಕೂರುತ್ತದೆ, ಆದರೆ ಬೆರಳಿನ ಕಡೆ ಹೊಸದು ಒಂದಿಷ್ಟು ಸಾಲು ಮುಂದೆ ಹೋಗಿದೆ. ಪಾದ ಬೆಳೆದಿದೆ. ಈ ಹಳೆಯದು ಇನ್ನು ಅಳತೆಗೂ ಬರುವುದಿಲ್ಲ.